ಮಾತು ನಿಂತ ಕಡವು

"ನಮ್ಮದು ಮೂರು ತಲೆಮಾರಿನಿಂದ ರೋಗಿಗಳ ಸೇವೆಗೆ ನಿಂತ ಮನೆ, ಮದರ್. ಅಜ್ಜಿ ಹೆರಿಗೆ ಮಾಡಿಸಿದ ಮಕ್ಕಳು ಇಂದು ಈ ಊರಿನ ಹಿರಿಯರಾಗಿದ್ದಾರೆ. ಸೋದರತ್ತೆ ಕುಷ್ಠರೋಗಿಗಳ ನಡುವೆಯೇ ಬಾಳಿದವರು. ಸಲ್ದಾನ್ಹಾ ಮನೆತನದವರ ಕೈಕೆಳಗೆ ದುಡಿದವರಲ್ಲಿ ಇಂದಿನವರೆಗೆ ಒಬ್ಬರೂ ದೂರು ತಂದದ್ದಿಲ್ಲ. ಹೀಗಿದ್ದೂ ನನ್ನ ಹುಡುಗಿಯರು ನನಗೆ ಯಾಕೆ ಹೇಳಲಿಲ್ಲ?"

ನರ್ಸಿಂಗ್ ಹೋಮಿನ ಮೇಟ್ರನ್ ಎಮಿಲ್ಡಾ ಸಲ್ದಾನ್ಹಾ ತನಗೆ ವಿದ್ಯೆ ಕಲಿಸಿದ ಮದರ್ ಕ್ಲೋಟಿಲ್ಡಾ ಅವರ ಮುಂದೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಕೇಳಿದಳು.

ರೋಗಿಯೊಬ್ಬರ ಮಗ ನರ್ಸ್ ಜಲಜಾಕ್ಷಿಯ ಕೆನ್ನೆಗೆ ಹೊಡೆದಿದ್ದ. ಅದಕ್ಕೂ ಮುಂಚಿನಿಂದಲೇ ಅವನು ವಾರ್ಡಿನಲ್ಲಿ ಬೈದಾಡಿದ್ದ, ಕೈ ಎತ್ತಿ ಬೆದರಿಸಿದ್ದ. ಎಲ್ಲರೂ ನೋಡಿದ್ದರು. ಒಬ್ಬಳೂ ಬಾಯಿ ಬಿಟ್ಟಿರಲಿಲ್ಲ. ತಿಳಿದಿದ್ದರೆ ಅವನನ್ನು ಬಾಗಿಲಲ್ಲೇ ತಡೆಯಬಹುದಿತ್ತು. ಈಗ ಜಲಜಾಕ್ಷಿ ಕೆಲಸ ಬಿಟ್ಟು ಮನೆ ಸೇರಿದ್ದಳು. ಅವಳಂಥ ನರ್ಸ್ ಮತ್ತೆ ಸಿಗುವುದಿಲ್ಲವೆಂದು ಎಮಿಲ್ಡಾಳಿಗೆ ಗೊತ್ತಿತ್ತು.

"ಪೆಟ್ಟು ಬಿದ್ದ ಮೇಲೆ ಅವಳನ್ನು ಮೊದಲು ಏನು ಕೇಳಿದೆ?" ಎಂದರು ಮದರ್.

"'ನೀನು ಅವರಿಗೆ ಏನಂದೆ?' ಅಂತ ಕೇಳಿದೆ. ಶಿಸ್ತು ಅಂದಮೇಲೆ ಕೇಳಲೇಬೇಕಲ್ಲ, ಮದರ್. ಪ್ರತಿ ಸಲವೂ ಕೇಳುತ್ತೇನೆ."

ಮದರ್ ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಹೊಳೆಯ ಕಡವಿನಲ್ಲಿ ಜನರನ್ನು ದಾಟಿಸಲು ಅವನ ದೋಣಿ ಓಡುತ್ತಿತ್ತು. ಅಣ್ಣ ತಮ್ಮಂದಿರಿಬ್ಬರು ಅದರ ಅಂಬಿಗರು. ವರ್ತಕ ಮರ್ಯಾದಸ್ಥ. ಅವರ ಕೂಲಿ ತಡಮಾಡಿದವನಲ್ಲ, ಹಬ್ಬಕ್ಕೆ ಬಟ್ಟೆ ತಪ್ಪಿಸಿದವನಲ್ಲ.

ಹೊಳೆ ದಾಟುವವರಲ್ಲಿ ಸಂಕಟ ಹೊತ್ತು ಬರುವವರೂ ಇರುತ್ತಾರೆ. ಅಂಥ ಒಬ್ಬ ರೈತ ದೋಣಿ ನಿಧಾನವಾಯಿತೆಂದು ತಮ್ಮನ ಎದೆಗೆ ಒದ್ದ. ತಮ್ಮ ಹೋಗಿ ಧಣಿಗೆ ಹೇಳಿದ. "ನೀನೇನಂದೆ?" ಎಂದು ವರ್ತಕ ಕೇಳಿದ. ತಾನೇನೂ ಅನ್ನಲಿಲ್ಲವೆಂದು ತಮ್ಮ ಆಣೆಯಿಟ್ಟ. ಸುಮ್ಮಸುಮ್ಮನೆ ಯಾರೂ ಕೈಮಾಡುವುದಿಲ್ಲ, ಪಾಪ, ಅವರೂ ನೊಂದವರು, ಇನ್ನು ಮೇಲೆ ಬಾಯಿ ಹಿಡಿತದಲ್ಲಿರಲಿ ಎಂದು ವರ್ತಕ ಬುದ್ಧಿ ಹೇಳಿ ಕಳಿಸಿದ. ಮುಂದೆ ಅಣ್ಣನ ತಲೆಗೂ ಪೆಟ್ಟು ಬಿತ್ತು. ಅವನಿಗೂ ಅದೇ ಪ್ರಶ್ನೆ, ಅದೇ ಬುದ್ಧಿಮಾತು.

ಆಮೇಲೆ ಅಂಬಿಗರು ಧಣಿಯ ಮನೆಯ ಮೆಟ್ಟಿಲು ಹತ್ತಲಿಲ್ಲ. ತಮಗೆ ತಾವೇ ಒಂದು ಉಪಾಯ ಮಾಡಿಕೊಂಡರು. ದಡದಲ್ಲಿ ಯಾರ ದನಿ ಏರಿದರೂ ದೋಣಿಯನ್ನು ನಡುನೀರಿನಲ್ಲೇ ನಿಲ್ಲಿಸುವುದು. ಕೂಗು ಅಡಗಿದ ಮೇಲೆ ದಡಕ್ಕೆ ಬರುವುದು. ಕಡವಿನಲ್ಲಿ ಜಗಳ ನಿಂತಿತು. ತನ್ನ ಬುದ್ಧಿಮಾತು ಫಲಿಸಿತೆಂದು ವರ್ತಕ ನಾಲ್ಕು ಜನರ ಮುಂದೆ ಹೇಳಿಕೊಂಡ.

ಒಂದು ಚಳಿಗಾಲ ಅವನು ಹೆಂಡತಿಯೊಡನೆ ಆಚೆ ದಡದ ನೆಂಟರ ಮನೆಗೆ ಹೋಗಿದ್ದ. ಬೆಳಗಿನ ಜಾವ ಅವಳಿಗೆ ಹಾವು ಕಚ್ಚಿತು. ವೈದ್ಯನಿದ್ದದ್ದು ಈಚೆ ದಡದಲ್ಲಿ. ವರ್ತಕ ಅವಳನ್ನು ಹೊತ್ತು ಕಡವಿಗೆ ಓಡಿಬಂದ. ಹೊಳೆಯ ಮೇಲೆ ಮಂಜು ಕವಿದು, ದಡದಲ್ಲಿ ನಿಂತವರು ಯಾರೆಂದು ಗುರುತು ಸಿಗುವಂತಿರಲಿಲ್ಲ. ದೋಣಿಗಾಗಿ ಕೂಗಿದ. ಬಾರದಿದ್ದಾಗ ಬೈದ. ಬೈದಷ್ಟೂ ದೋಣಿ ನಡುನೀರಿನಲ್ಲೇ ನಿಂತಿತು. ಕೂಗಿ ಕೂಗಿ ಅವನ ಗಂಟಲು ಕಟ್ಟಿದ ಮೇಲೆ ದೋಣಿ ದಡಕ್ಕೆ ಬಂತು. ಅಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಅಂಬಿಗರು ಧಣಿಯ ಗುರುತು ಹಿಡಿದರು. ಅವನ ತೋಳಿನಲ್ಲಿದ್ದವಳನ್ನು ನೋಡಿದರು. ತಮ್ಮ ಕೈಮುಗಿದ.

"ನಾವು ಏನೂ ಅನ್ನಲಿಲ್ಲ, ಧಣಿ."

ಕತೆ ಅಲ್ಲಿಗೆ ಮುಗಿಯಿತು. ಎಮಿಲ್ಡಾ ವಾರ್ಡಿನ ಬಾಗಿಲಿಗೆ ಕಾವಲುಗಾರನನ್ನು ಇಡುವುದಾಗಿ, ಬೆದರಿಕೆ ಬಂದ ಕೂಡಲೇ ತಿಳಿಸಬೇಕೆಂದು ಎಲ್ಲರಿಗೂ ಸೂಚಿಸುವುದಾಗಿ ಹೇಳಿದಳು. ಅದೆಲ್ಲ ಆಗಬೇಕಾದದ್ದೇ ಎಂದರು ಮದರ್. ಹಾಗಾದರೆ ಕೆಲಸಕ್ಕೆ ಮರಳುವಂತೆ ಜಲಜಾಕ್ಷಿಗೆ ಯಾರ ಕೈಲಿ ಹೇಳಿ ಕಳಿಸಲಿ ಎಂದು ಎಮಿಲ್ಡಾ ಕೇಳಿದಳು.

"ನೀನೇ ಹೋಗಿ ಅವಳ ಕ್ಷಮೆ ಕೇಳಬೇಕು."