ಕೈಗೆ ಬಾರದ ಮುಖ

“ರೂಪವನ್ನು ದಾಟಿದವನೇ ದೊಡ್ಡವನು ಎನ್ನುತ್ತಾರೆ. ಗುರುಗಳೇ, ನಾನು ಪೂಜಿಸುವ ಮೂರ್ತಿಯನ್ನು ಯಾವಾಗ ಬಿಡಲಿ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಮರದ ಹಲಗೆಯ ಮೇಲೆ ದೇವಿಯರನ್ನು ಬರೆಯುವುದು ಅವನ ಮನೆತನದ ಕಸುಬು. ಮುಖ ಒಂದು ಮಗ್ಗುಲಿಗೆ ತಿರುಗಿರಬೇಕು, ಕಣ್ಣು ಮೀನಿನಂತಿರಬೇಕು, ಆ ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಬರೆಯಬೇಕು. ಅಜ್ಜ ಕಲಿಸಿದ ಈ ಕಟ್ಟಳೆಯನ್ನು ಅವನು ನಲವತ್ತು ವರ್ಷ ಮೀರಲಿಲ್ಲ.

ಅವನಿಗೆ ಹೊನ್ನಿ ಒಬ್ಬಳೇ ಮಗಳು. ಯಾವಾಗಲೂ ಅದೇ ಹಳದಿ ಲಂಗ. ಎರಡೂ ಕೈಯಲ್ಲಿ ಬಿಂದಿಗೆ ಹಿಡಿದು ಬಂದರೆ, ಮನೆಯ ಕೆಂಪು ಬಾಗಿಲನ್ನು ಭುಜದಿಂದ ದೂಡಿ, ಅದಕ್ಕೇ ಒರಗಿ ನಗುತ್ತ ನಿಲ್ಲುವಳು. ಹನ್ನೊಂದನೆಯ ವಯಸ್ಸಿಗೆ ಜ್ವರ ಬಂದು ತೀರಿಕೊಂಡಳು.

ಮುಖ ಮರೆಯುವ ಮುಂಚೆ ಬರೆದುಬಿಡೋಣವೆಂದು ತಂದೆ ಹಲಗೆ ಹಿಡಿದು ಕೂತ. ಮುಗಿಸಿ ನೋಡಿದರೆ ಲಕ್ಷ್ಮಿ ಕೂತಿದ್ದಳು. ಕೆರೆದು, ಬಿಳಿ ಬಳಿದು, ಮತ್ತೆ ಬರೆದ. ಮತ್ತೆ ಲಕ್ಷ್ಮಿಯೇ. ಅವನ ಕೈಗೆ ಗೊತ್ತಿದ್ದದ್ದು ಒಂದೇ ಮುಖ.

ಮೀನಿನ ಕಣ್ಣು ಬರೆದರೆ ತಾನೇ ದೇವಿ ಬರುವುದು ಎಂದು ಕಣ್ಣು ಬರೆಯುವುದನ್ನು ಬಿಟ್ಟ. ಮೂಗು ಬಿಟ್ಟ. ಆಮೇಲೆ ಮುಖವನ್ನೇ ಬಿಟ್ಟ. ತನ್ನ ಮಗಳದಲ್ಲದ್ದನ್ನೆಲ್ಲ ಅಳಿಸುತ್ತ ಒಂದು ವರ್ಷ ಕಳೆದ. ಕೊನೆಗೆ ಹಲಗೆಯ ಮೇಲೆ ಉಳಿದದ್ದು ಓರೆಯಾದ ಒಂದು ಕೆಂಪು ಗೆರೆ. ಅದಕ್ಕೆ ಒರಗಿದಂತೆ, ಒಗೆದು ಒಗೆದು ಮಾಸಿದ ಹಳದಿ.

ನೆರೆಯವನು ನಕ್ಕ: “ಏನಪ್ಪ, ಕುಂಚ ಒರೆಸಿದ ಹಲಗೆಯನ್ನೂ ಒಣಗಲು ಇಟ್ಟಿದ್ದೀಯಲ್ಲ!”

ಪಟ್ಟಣದಿಂದ ಬಂದಿದ್ದ ಕಲಾವಿದನೊಬ್ಬ ಅದರ ಮುಂದೆ ಕೈಮುಗಿದ. “ಆಕಾರವನ್ನೇ ಬಿಟ್ಟುಬಿಟ್ಟಿರಲ್ಲ! ನನಗೆ ಇಷ್ಟು ವರ್ಷ ಅದು ಸಾಧ್ಯವಾಗಲಿಲ್ಲ.”

“ಬಿಟ್ಟಿಲ್ಲ ಸ್ವಾಮಿ. ಸಿಗಲಿಲ್ಲ,” ಎಂದ ಚಿತ್ರಗಾರ.

ಅಷ್ಟರಲ್ಲಿ ಅವನ ಹೆಂಡತಿ ನೀರು ತಂದಳು. ವರ್ಷವಿಡೀ ಅವಳು ಆ ಹಲಗೆಯ ಕಡೆ ತಿರುಗಿ ನೋಡಿರಲಿಲ್ಲ. ಆ ದಿನ ನೋಡಿದಳು. ಸೊಂಟದ ಕೊಡ ಇಳಿಸುವುದನ್ನೂ ಮರೆತು ನಿಂತಳು.

“ಅಲ್ಲೇ ಯಾಕೆ ನಿಂತೆ? ಒಳಗೆ ಬಾರೇ ನನ್ನವ್ವ,” ಎಂದಳು.

ಚಿತ್ರಗಾರ ಕುಂಚ ತೊಳೆದಿಟ್ಟ.

ಕತೆ ಮುಗಿಸಿ ಗುರುಗಳು ಶಿಷ್ಯನತ್ತ ನೋಡಿದರು.

“ಬಿಡುವ ಮಾತು ಆಮೇಲಾಯಿತು, ನೀನು ಯಾರ ಮುಖ ಹುಡುಕುತ್ತಿದ್ದೀಯೆ?”