ದೂರು ಕೊಡದ ಫೋನು

ಬೀದಿ ಮೂಲೆಯ ಕೇಬಲ್ ಪೆಟ್ಟಿಗೆಯ ಬಳಿ ನಿಂತಿದ್ದ ಲೈನ್‌ಮನ್ ಮೌಲಾಲಿಯ ಕೈಯಲ್ಲಿನ ಪರೀಕ್ಷೆ ಫೋನು ಸೂಲಗಿತ್ತಿ ಹೊನ್ನವ್ವನ ಮನೆಯ ಫೋನನ್ನು ಮಾತಾಡಿಸಿತು.

"ಏನಕ್ಕಾ, ಕರೆಗಳು ಬರುತ್ತವೆಯೇ?"

"ತಿಂಗಳಿಗೆ ಒಂದೋ ಎರಡೋ. ಬಂದರೆ ಮಾತ್ರ ಎರಡು ಜೀವಗಳ ಪ್ರಶ್ನೆ."

"ಲಾಡ್ಜಿನ ಫೋನು ಗೊರಗೊರ ಅನ್ನುತ್ತದಂತೆ. ಬೆಳಗಿನಿಂದ ಐದು ದೂರು ಕೊಟ್ಟು ನಮ್ಮ ತಲೆ ತಿಂದಿದೆ. ಈ ಹಳೇ ಕೇಬಲಿನಲ್ಲಿ ಚೆನ್ನಾಗಿರುವುದು ನಿನ್ನ ತಂತಿಯೊಂದೇ. ಅದನ್ನು ಅಲ್ಲಿಗೆ ಜೋಡಿಸುತ್ತೇವೆ. ನಾಳೆ ನಿನಗೆ ಬೇರೆಯದು ಹುಡುಕೋಣ."

"ನಾಳೆ ಮರೆತುಬಿಟ್ಟರೆ?"

"ಒಂದು ದೂರು ಕೊಡು ಸಾಕು, ಓಡಿ ಬರುತ್ತೇವೆ."

ಹೊನ್ನವ್ವನ ಫೋನು ಸಾಧು ಸ್ವಭಾವದ್ದು, ಆಗಲಿ ಅಂದಿತು. ದೂರು ಹೋಗಬೇಕಾದದ್ದೂ ಅದೇ ತಂತಿಯಲ್ಲಿ ಎಂಬುದು ಮೌಲಾಲಿ ತಂತಿ ಕಿತ್ತ ಮೇಲಷ್ಟೇ ಅದಕ್ಕೆ ಹೊಳೆಯಿತು. ಕೂಗಿತು, ದನಿ ಗೋಡೆಯ ಗೂಡು ದಾಟಲಿಲ್ಲ.

ಮೂರು ದಿನ ಕಳೆದವು. ಪರೀಕ್ಷೆ ಫೋನು ಮೌಲಾಲಿಯ ಚೀಲದಲ್ಲಿ ಮಲಗಿಕೊಂಡು, "ಹೊನ್ನವ್ವನ ಫೋನಿನಂಥವು ಊರಿಗೆ ಹತ್ತಾದರೂ ಇರಬೇಕು, ಒಂದು ತಕರಾರಿಲ್ಲ" ಎಂದು ಇಕ್ಕಳದ ಮುಂದೆ ಹೊಗಳುತ್ತಿತ್ತು.

ನಾಲ್ಕನೆಯ ದಿನ ಪಕ್ಕದ ಹಳ್ಳಿಯಿಂದ ಒಬ್ಬಾತ ಹೊನ್ನವ್ವನ ಬಾಗಿಲಿಗೆ ನಿಧಾನವಾಗಿ ನಡೆದು ಬಂದ. "ನಿನ್ನೆಯೆಲ್ಲ ಫೋನು ಮಾಡಿದೆವು" ಅಂದ. ಹೊನ್ನವ್ವ ಗಡಬಡಿಸಿ ಎದ್ದು ಹೆರಿಗೆಯ ಗಂಟಿಗೆ ಕೈಹಾಕಿದಳು.

"ಇನ್ನು ಬೇಡವ್ವಾ" ಅಂದ ಅವನು.

ಫೋನು ಅದನ್ನೂ ಕೇಳಿಸಿಕೊಂಡಿತು.