ತಳ ಮುಟ್ಟದ ಸಟ್ಟುಗ

“ಅಜ್ಜಾರ, ಹೊಸಾ ಕಾರಿಗೆ ಫಿಲ್ಮ್ ಹಾಕ್ಸೂದು ಚಲೋ ಏನ್ರಿ, ಸುಮ್ಮನ ದಂಡ ಏನ್ರಿ?” ಎಂದು ಫಕೀರೇಶ ಕೇಳಿದ.

ಸೋಮವಾರದ ಪೂಜೆ ಮುಗಿದಿತ್ತು. ಮಠದ ಪಡಸಾಲೆಯಲ್ಲಿ ಸ್ವಾಮಿಗಳಾದ ಅಜ್ಜನವರೂ ಫಕೀರೇಶನೂ ಇಬ್ಬರೇ ಉಳಿದಿದ್ದರು. ಫಕೀರೇಶ ಪೇಟೆಯಲ್ಲಿ ನೀರಿನ ಪಂಪು ಮಾರುವವನು, ಮಠದ ಹಳೆಯ ಶಿಷ್ಯ. ಯಾವ ಕೆಲಸಕ್ಕೆ ಕೈ ಹಾಕುವ ಮೊದಲೂ ಅಜ್ಜನವರನ್ನು ಕೇಳುವುದು ಅವನ ರೂಢಿ. ಕೇಳಿ ಹೋದ ಮೇಲೆ ತನಗೆ ತೋಚಿದ್ದನ್ನೇ ಮಾಡುವುದೂ ರೂಢಿಯೇ.

ಫಿಲ್ಮ್ ಎಂದರೆ ಅಜ್ಜನವರಿಗೆ ಸಿನಿಮಾ ಮಾತ್ರ ಗೊತ್ತು. ಫಕೀರೇಶ ಬಿಡಿಸಿ ಹೇಳಿದ. ಇದು ಗಾಜಿನಂತೆ ಆಚೆ ಕಾಣುವ ತೆಳು ಹಾಳೆ. ಕಾರಿನ ಬಣ್ಣದ ಮೇಲೆ ಪೂರ್ತಿ ಅಂಟಿಸುತ್ತಾರೆ. ಕಲ್ಲು ಸಿಡಿದರೆ ಗೀರು ಹಾಳೆಗೆ ಬೀಳುತ್ತದೆ, ಬಣ್ಣ ಉಳಿಯುತ್ತದೆ. ಹಾಳೆ ಹಾಳಾದರೆ ಕಿತ್ತು ಬೇರೆ ಹಾಕಬಹುದು.

ಇಷ್ಟಾದರೆ ಅವನು ಮಠಕ್ಕೆ ಬರುತ್ತಿರಲಿಲ್ಲ. ಅವನ ಅಕ್ಕ ನೀಲವ್ವನ ಕಣ್ಣಿನ ಆಪರೇಷನ್ ಗುರುವಾರಕ್ಕೆ ನಿಗದಿಯಾಗಿತ್ತು. ತಾಯಿ ತೀರಿದ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದ ಅಕ್ಕ. ಕಾರು ಬಂದ ದಿನವೇ, ನಾನೇ ಬಂದು ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದ. ಆದರೆ ಅವಳ ಊರಿನ ರಸ್ತೆ ಅಗೆದು ಜಲ್ಲಿಕಲ್ಲಿನ ಕಡಿ ಹಾಕಿದ್ದರು. ಫಿಲ್ಮ್ ಹಾಕುವ ಅಂಗಡಿಯವನೂ ಗುರುವಾರವೇ ಕಾರು ತಂದು ಬಿಡು, ತಪ್ಪಿದರೆ ಒಂದು ತಿಂಗಳು ಕಾಯಬೇಕು ಎಂದಿದ್ದ. ಫಿಲ್ಮ್ ಇಲ್ಲದೆ ಆ ಕಡಿಯ ಮೇಲೆ ಕಾರು ಓಡಿಸಲು ಫಕೀರೇಶನಿಗೆ ಮನಸ್ಸು ಬರಲಿಲ್ಲ. ಬೆಳಿಗ್ಗೆ ಫೋನು ಮಾಡಿ, ಬಸ್ಸಿಗೆ ಬಾ ಅಕ್ಕ ಎಂದಿದ್ದ. ಆಗಲಿ ತಮ್ಮಾ ಎಂದು ಅವಳು ಫೋನು ಇಟ್ಟಿದ್ದಳು. ಆ ‘ಆಗಲಿ’ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಫಿಲ್ಮ್ ಬಹಳ ಅಗತ್ಯ ಎಂದು ಅಜ್ಜನವರು ಒಂದು ಮಾತು ಹೇಳಿದರೆ ಅದು ಕೆಳಗೆ ಇಳಿದೀತು ಎಂದುಕೊಂಡು ಬಂದವನು ಇದೆಲ್ಲವನ್ನೂ ಅವರ ಮುಂದೆ ಹೇಳಿಕೊಂಡ.

ಅಜ್ಜನವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಅಡುಗೆಯವನಿದ್ದ. ಹದಿನೆಂಟು ವರ್ಷ ಇನ್ನೊಬ್ಬ ಯಜಮಾನನ ಕೈಕೆಳಗೆ ಮದುವೆ ಮುಂಜಿಗಳ ಅಡುಗೆ ಮಾಡಿದ. ಹೊಗೆ ಕುಡಿದವನು ಇವನು, ಹೊಗಳಿಸಿಕೊಂಡವನು ಯಜಮಾನ. ಒಂದು ದಿನ ಗಟ್ಟಿ ಮನಸ್ಸು ಮಾಡಿದ. ಇನ್ನು ಮೇಲೆ ಒಲೆ ಹೊತ್ತಿಸಿದರೆ ನನ್ನ ಹೆಸರಿನಲ್ಲೇ ಎಂದು ಹೇಳಿ ಹೊರಗೆ ಬಂದ. ಯಜಮಾನ ತಡೆಯಲಿಲ್ಲ. ಹೋಗಿ ಬಾ, ನಮ್ಮನಿ ಬಾಗಿಲಾ ತಗದಽ ಇರತೈತಿ ಎಂದು ನಕ್ಕ. ಆ ನಗೆಯನ್ನು ಅಡುಗೆಯವನು ಮರೆಯಲಿಲ್ಲ.

ಅವನು ಒಂದು ದೊಡ್ಡ ತಾಮ್ರದ ಕೊಪ್ಪರಿಗೆ ಕೊಂಡ. ಒಬ್ಬ ವರ್ತಕ ತನ್ನ ಮಗಳ ಮದುವೆಯ ಅಡುಗೆಯನ್ನು ಅವನಿಗೆ ಒಪ್ಪಿಸಿದ. ಸುತ್ತ ಹನ್ನೆರಡು ಹಳ್ಳಿಯ ಹಿರಿಯರು ಉಣ್ಣಲು ಬರುವವರಿದ್ದರು. ಊಟ ಚೆನ್ನಾದರೆ ಆ ವರ್ಷದ ಮದುವೆಗಳೆಲ್ಲ ಅವನವು. ಕೆಟ್ಟರೆ ಯಜಮಾನನ ಬಾಗಿಲು ತೆರೆದೇ ಇತ್ತು.

ತಾಮ್ರದ ಪಾತ್ರೆಗೆ ಒಳಗೆ ತವರದ ಕಲಾಯಿ ಬೇಕು. ಇಲ್ಲದಿದ್ದರೆ ಹುಳಿ ತಾಗಿ ಕಿಲುಬು ಕಟ್ಟುತ್ತದೆ, ಉಂಡವರ ಹೊಟ್ಟೆ ಕೆಡುತ್ತದೆ. ಅಡುಗೆಯವನು ಕೊಪ್ಪರಿಗೆಯನ್ನು ಕಲಾಯಿಗಾರನ ಬಳಿ ಹೊತ್ತೊಯ್ದ. ಕಲಾಯಿಗಾರ ಅದನ್ನು ಕೆಂಡದ ಮೇಲೆ ಕಾಯಿಸಿದ. ನವಸಾಗರದ ಪುಡಿ ಎರಚಿದ. ತವರ ಸವರಿ ಹತ್ತಿಯಿಂದ ಸುತ್ತ ತಿಕ್ಕಿದ. ಹೊಗೆ ಇಳಿದಾಗ ಕೊಪ್ಪರಿಗೆಯ ಒಳಗೆಲ್ಲ ಬೆಳ್ಳಗೆ ಹೊಳೆಯಿತು. ಅಡುಗೆಯವನು ಬಗ್ಗಿ ನೋಡಿದ. ಅವನ ಮುಖವೇ ಕಂಡಿತು. ಹದಿನೆಂಟು ವರ್ಷ ಮಸಿಯನ್ನೇ ನೋಡಿದವನಿಗೆ ಕಣ್ಣಲ್ಲಿ ನೀರು ಬಂತು.

“ಇದು ಎಷ್ಟು ದಿನಾ ಹಿಂಗ ಇರತೈತಿ?” ಎಂದು ಕೇಳಿದ.

“ಬಳಸಿದಂಗ ಸವೀತೈತ್ರಿ. ಸವದ ಮ್ಯಾಲ ತಗೊಂಡ್ ಬರ್ರಿ, ಮತ್ತ ಹಾಕ್ತೀನಿ” ಎಂದ ಕಲಾಯಿಗಾರ.

ಇಷ್ಟು ಮಾತಿನಲ್ಲಿ ಅಡುಗೆಯವನ ಕಿವಿಗೆ ಬಿದ್ದದ್ದು ‘ಸವೀತೈತಿ’ ಎಂಬುದೊಂದೇ. ಹಟದ ಆಸಾಮಿ. ನನ್ನ ಕೊಪ್ಪರಿಗೆಯ ಕಲಾಯಿ ಸವೆಯಬಾರದು ಎಂದು ಅಲ್ಲಿಯೇ ನಿಶ್ಚಯಿಸಿಬಿಟ್ಟ.

ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತಿ ಎತ್ತಿ ಒಗೆದನಂತೆ. ಇವನು ಅವನನ್ನೂ ಮೀರಿಸಿದ. ಕೊಪ್ಪರಿಗೆಗೆ ಮೆತ್ತನೆಯ ಗವಸು ಹೊಲಿಸಿದ. ಗಾಡಿಯಲ್ಲಿ ಅದರ ಕೆಳಗೆ ಹುಲ್ಲು ಹಾಸಿ, ತಾನು ಬರಿಯ ಹಲಗೆಯ ಮೇಲೆ ಕೂತ. ಕಬ್ಬಿಣದ ಸಟ್ಟುಗವನ್ನು ಮೂಲೆಗೆ ಎಸೆದು, ಉದ್ದ ಕೈಯ ಮರದ ಸಟ್ಟುಗ ಮಾಡಿಸಿದ. ಮರವೂ ಗೀರೀತು ಎಂಬ ಅಂಜಿಕೆಯಿಂದ ಅದರ ತುದಿಗೆ ಬಟ್ಟೆ ಸುತ್ತಿದ. ಇಷ್ಟು ಮಾಡಿದ ಮೇಲೂ ಸಮಾಧಾನವಾಗಲಿಲ್ಲ. ಏನೇ ಆಗಲಿ, ಸಟ್ಟುಗ ತಳ ಮುಟ್ಟಬಾರದು ಎಂದು ಕೆಲಸದವರಿಗೆ ಕಟ್ಟಪ್ಪಣೆ ಮಾಡಿದ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಮದುವೆಯ ದಿನ ಬಂತು. ಅನ್ನ, ಸಾರು, ಪಲ್ಯ ಬೇರೆ ಬೇರೆ ಒಲೆಯ ಮೇಲೆ ಸರಿಯಾಗಿಯೇ ಆದವು. ಗೋಧಿ ಹುಗ್ಗಿಯನ್ನು ಹೊಸ ಕೊಪ್ಪರಿಗೆಯಲ್ಲಿ ಇಟ್ಟಿದ್ದ. ಆ ಸೀಮೆಯಲ್ಲಿ ಹುಗ್ಗಿ ಕೆಟ್ಟರೆ ಊಟವೇ ಕೆಟ್ಟಂತೆ. ಮಿಕ್ಕದ್ದು ಅಮೃತವಾಗಿದ್ದರೂ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಗೋಧಿ ಬೆಂದಿತು, ಬೆಲ್ಲ ಹಾಕಿದರು. ಬೆಲ್ಲ ಕರಗಿ ತಳಕ್ಕೆ ಇಳಿಯಿತು. ಅಡುಗೆಯವನು ತಾನೇ ನಿಂತು ತಿರುವುತ್ತಿದ್ದ. ಸಟ್ಟುಗ ಮೇಲೆ ಮೇಲೆ ತೇಲುತ್ತಿತ್ತು.

ಅವನ ಜೊತೆ ಬಹಳ ವರ್ಷ ಒಲೆ ಕಾದ ಹೆಂಗಸೊಬ್ಬಳು ಅಲ್ಲಿದ್ದಳು.

“ಅಣ್ಣಾರ, ತಳಾ ಕೆದರ್ರಿ. ಬೆಲ್ಲಾ ಹಿಡಿಯಾಕತ್ತೈತಿ” ಎಂದಳು.

“ಬೆಂಕಿ ಸಣ್ಣದ ಮಾಡು ಸಾಕು. ಕಲಾಯಿ ಹ್ವಾದ್ರ ನೀ ತಂದುಕೊಡ್ತಿ ಏನು?” ಎಂದು ಅವನು ಸಿಡುಕಿದ.

ಅವಳು ಒಲೆಯಿಂದ ಒಂದು ಸೌದೆ ಹಿಂದಕ್ಕೆ ಎಳೆದಳು. ಸ್ವಲ್ಪ ಹೊತ್ತಿಗೆ ವಾಸನೆಯೇ ಮಾತಾಡಿತು. ಅವನು ಒಂದು ಚಮಚ ಹುಗ್ಗಿ ಬಾಯಿಗೆ ಹಾಕಿಕೊಂಡ. ಸೀದ ರುಚಿ ನಾಲಿಗೆಯ ತುದಿಯಿಂದ ಬುಡದವರೆಗೂ ಹಬ್ಬಿತು. ಸೀದ ಹುಗ್ಗಿಗೆ ಏಲಕ್ಕಿ ಸುರಿದರೂ ಅಷ್ಟೆ, ತುಪ್ಪ ಸುರಿದರೂ ಅಷ್ಟೆ. ಅದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮಂಟಪದಲ್ಲಿ ಅಕ್ಷತೆ ಬೀಳುವ ಹೊತ್ತಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕೂತ.

ಕೂತವನಿಗೆ ಯಜಮಾನನ ನಗೆ ನೆನಪಾಯಿತು. ಮೊದಲು ನಾಚಿಕೆಯಾಯಿತು, ಆಮೇಲೆ ತನ್ನ ಮೇಲೆಯೇ ಸಿಟ್ಟು ಬಂತು. ಅಡುಗೆಯವನಾಗುತ್ತೇನೆಂದು ಹೊರಟು ಪಾತ್ರೆಯ ಕಾವಲುಗಾರನಾಗಿದ್ದೇನೆ ಎನ್ನಿಸಿತು. ಅವನು ಎದ್ದ. ನೇರ ವರ್ತಕನ ಬಳಿ ಹೋಗಿ ನಿಂತ.

“ಸಾಹುಕಾರ್ರ, ಹುಗ್ಗಿ ತಳಾ ಹಿಡೀತ್ರಿ. ತಪ್ಪು ನಂದು. ಅದನ್ನ ಎಲಿಗೆ ಬಡಸೂದಿಲ್ಲ. ಒಂದು ತಾಸು ಪಂಗ್ತಿ ತಡೀರಿ.”

ವರ್ತಕನ ಮುಖ ಕೆಂಪಾಯಿತು. ಬೀಗರ ಎದುರು ಕೂಗಾಡುವಂತಿರಲಿಲ್ಲ.

“ಒಂದಽ ತಾಸು. ಅದರ ಮ್ಯಾಲಾದ್ರ ಬೀಗರು ಎದ್ದು ಹೊಕ್ಕಾರ. ನೀನೂ ಎದ್ದು ಹೋಗು” ಎಂದ.

ಅಡುಗೆಯವನು ಓಡಿ ಬಂದ. ಸೀದ ಹುಗ್ಗಿಯನ್ನು ದನಗಳ ಬಾನಿಗೆ ಸುರಿಸಿದ. ಮರದ ಸಟ್ಟುಗವನ್ನು ಒಲೆಗೆ ತುರುಕಿದ. ಅದು ಉರಿದಷ್ಟು ಸೌದೆ ಉಳಿಯಿತು. ಪಕ್ಕದ ಒಲೆಯವರಿಂದ ಒಂದು ಕಬ್ಬಿಣದ ಸಟ್ಟುಗ ಇಸಿದುಕೊಂಡು ಕೊಪ್ಪರಿಗೆಯೊಳಗೆ ಬಗ್ಗಿದ. ತಳಕ್ಕೆ ಕಲ್ಲಿನಂತೆ ಅಂಟಿದ್ದ ಕರಕಲನ್ನು ಕೆರೆಯಲು ಶುರು ಮಾಡಿದ. ಮೊದಲ ಗೀರು ಬಿದ್ದಾಗ ಎದೆ ಚುರ್ ಎಂದಿತು. ಎರಡನೆಯದಕ್ಕೂ ಎಂದಿತು. ಹತ್ತನೆಯದಕ್ಕೆ ಏನೂ ಎನ್ನಲಿಲ್ಲ. ಬೂದಿ ಹಾಕಿ ತಿಕ್ಕಿ ತೊಳೆದು ಮತ್ತೆ ಒಲೆಗೆ ಏರಿಸಿದ.

ಹುಗ್ಗಿಗೆ ನೆನೆದ ಗೋಧಿ ಇರಲಿಲ್ಲ, ಹೊತ್ತೂ ಇರಲಿಲ್ಲ. ರವೆ ಇತ್ತು, ಬೆಲ್ಲ ಇತ್ತು, ತುಪ್ಪ ಇತ್ತು. ಸಜ್ಜಕ ಮಾಡಲು ನಿಂತ. ಸಜ್ಜಕವೂ ಕಣ್ಣು ಮಿಟುಕಿಸುವುದರೊಳಗೆ ತಳ ಹಿಡಿಯುವ ಪದಾರ್ಥವೇ. ಈ ಸಲ ಅವನು ಸಟ್ಟುಗವನ್ನು ತಳಕ್ಕೆ ಊರಿ, ರಟ್ಟೆಯ ಬಲವನ್ನೆಲ್ಲ ಹಾಕಿ ತಿರುವಿದ. ತಾಮ್ರ ಗರಗರ ಸದ್ದು ಮಾಡಿತು. ಆ ಹೆಂಗಸು ಎದುರು ನಿಂತು ರವೆ ಸುರಿದಳು. ಅವನು ತಲೆ ಎತ್ತಲಿಲ್ಲ. ಬೆವರು ಕಣ್ಣಿಗೆ ಇಳಿದರೂ ಕೈ ನಿಲ್ಲಿಸಲಿಲ್ಲ.

ತಾಸು ಮುಗಿಯುವುದರೊಳಗೆ ಪಂಗ್ತಿ ಕೂತಿತು. ವರನ ಸೋದರಮಾವ ಮಾತ್ರ ತಡವಾಯಿತೆಂದು ಮುನಿಸಿಕೊಂಡು ಉಣ್ಣದೆ ಹೋದ. ಉಳಿದವರು ಗೊಣಗುತ್ತಲೇ ಕೂತರು, ಗೊಣಗುತ್ತಲೇ ಎರಡನೆಯ ಸಲ ಹಾಕಿಸಿಕೊಂಡರು. ಮೂರನೆಯ ಸಲಕ್ಕೆ ಗೊಣಗಾಟ ನಿಂತಿತು. ಹುಗ್ಗಿಯ ಮಾತನ್ನು ಯಾರೂ ಎತ್ತಲಿಲ್ಲ. ಆ ಹಂಗಾಮಿನಲ್ಲಿ ಅವನಿಗೆ ಒಂಬತ್ತು ಮದುವೆಗಳು ಬಂದವು. ಯಜಮಾನನ ಬಾಗಿಲಿನ ಕಡೆಗೆ ಅವನು ಹೋಗಲಿಲ್ಲ.

ಮದುವೆಗಳು ಮುಗಿದ ಮೇಲೆ ಕೊಪ್ಪರಿಗೆಯನ್ನು ಮತ್ತೆ ಕಲಾಯಿಗಾರನ ಮುಂದೆ ಇಳಿಸಿದ. ಒಳಗೆ ಉದ್ದಕ್ಕೂ ಅಡ್ಡಕ್ಕೂ ಗೀರುಗಳು. ಕಲಾಯಿ ಅಲ್ಲಲ್ಲಿ ಮಸುಕಾಗಿತ್ತು, ತಳದಲ್ಲಿ ತೀರ ತೆಳುವಾಗಿತ್ತು. ಬೈಸಿಕೊಳ್ಳಲು ಬಂದವನಂತೆ ನಿಂತ.

“ಭಾಳ ಕೆಡಿಸಿಬಿಟ್ಟೀನಿ” ಎಂದ.

ಕಲಾಯಿಗಾರ ಪಾತ್ರೆಯನ್ನು ಬೆಳಕಿಗೆ ಓರೆ ಮಾಡಿ, ಬೆರಳಿನಿಂದ ತಳವನ್ನೆಲ್ಲ ಸವರಿ ನೋಡಿದ.

“ಎಲ್ಲಿ ಕೆಡಿಸೀರಿ? ತಾಮ್ರ ಇದ್ದಂಗ ಐತಿ. ಕಲಾಯಿ ಸವದೈತಿ, ಅದು ಸವೀಲಿ ಅಂತನ ಹಾಕಿದ್ದು” ಎಂದು ಹೇಳಿ ಕೆಂಡ ಊದತೊಡಗಿದ.

ಅಜ್ಜನವರು ಕತೆ ನಿಲ್ಲಿಸಿದರು.

ಫಕೀರೇಶ ಲೆಕ್ಕ ಹಾಕಿದ. ಕತೆಯಲ್ಲಿ ಕಲಾಯಿ ಬೇಕೇ ಬೇಕು ಎಂದಿದ್ದರು. ಅಂದ ಮೇಲೆ ಅಜ್ಜನವರು ಫಿಲ್ಮಿಗೆ ಒಪ್ಪಿದಂತೆಯೇ ಎಂದು ಅವನಿಗೆ ಧೈರ್ಯ ಬಂತು. ಗಂಟಲಲ್ಲಿ ಸಿಕ್ಕಿಕೊಂಡದ್ದು ಇನ್ನೇನು ಇಳಿಯುತ್ತದೆ ಎನ್ನಿಸಿತು.

“ಹಂಗಾರ ಗುರುವಾರ ಫಿಲ್ಮ್ ಹಾಕ್ಸಬೋದು ಅಂದಂಗಾತಲ್ರಿ ಅಜ್ಜಾರ?” ಎಂದು ಕೇಳಿದ.

“ಹಾಕ್ಸಪಾ, ಚಲೋದು, ಆದ್ರ ಕಾರಿಗಷ್ಟ ಹಾಕ್ಸು, ನಿನಗ ಹಾಕ್ಸ್ಕೋಬ್ಯಾಡ” ಎಂದರು ಅಜ್ಜನವರು.

ಫಕೀರೇಶ ಕಿಸೆಯಿಂದ ಫೋನು ತೆಗೆದು ಅಕ್ಕನ ನಂಬರು ಹುಡುಕತೊಡಗಿದ.